ಎರಡು ಕೋಣೆ, ಒಂದೇ ತಪ್ಪು

ಸಾಲಿನ ನಡುವೆ ಏಳಬಾರದು. ತಾಳೆಯಕ್ಕನ ಕಸುಬಿಗೆ ಇರುವುದು ಇದೊಂದೇ ನೇಮ, ಇಪ್ಪತ್ತಾರು ವರ್ಷಗಳಲ್ಲಿ ಅವಳು ಅದನ್ನು ಮುರಿದವಳಲ್ಲ. ಬುಧವಾರ ಮಧ್ಯಾಹ್ನ ದೊಡ್ಡ ಸಾಹೇಬರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತು ಇಡೀ ಮಹಡಿಗೆ ಕೇಳುವಂತೆ "ತಾಳೆಯಕ್ಕ, ಬನ್ನಿ ಇಲ್ಲಿ!" ಎಂದು ಕೂಗಿದಾಗ, ಅವಳ ಎಡಗೈ ಬೆರಳು ಒಂದು ಹಾಳೆಯ ನಲವತ್ತೊಂದನೇ ಸಾಲಿನ ಮೇಲಿತ್ತು, ಬಲಗೈ ಬೆರಳು ಇನ್ನೊಂದು ಹಾಳೆಯ ನಲವತ್ತೊಂದನೇ ಸಾಲಿನ ಮೇಲಿತ್ತು. ಎದ್ದಳು. ಏಳದೆ ಏನು ಮಾಡುತ್ತಾಳೆ? ಸಾಹೇಬರು ಹಾಗೆ ಕೂಗಿದ್ದನ್ನು ಆ ಮಹಡಿಯಲ್ಲಿ ಯಾರೂ ಹಿಂದೆಂದೂ ಕೇಳಿರಲಿಲ್ಲ.

ಅದು ಗಣಿತದ ಕೋಷ್ಟಕಗಳನ್ನು ತಯಾರಿಸುವ ಕಚೇರಿ. ಕೋಷ್ಟಕ ಎಂದ ಕೂಡಲೇ ಮಕ್ಕಳ ಮಗ್ಗಿ ಎಂದುಕೊಂಡುಬಿಡಬೇಡಿ. ಲಾಗರಿದಮ್ಮು, ಸೈನು, ಟ್ಯಾಂಜೆಂಟು: ಹಡಗಿನವರಿಗೆ, ಸರ್ವೆಯವರಿಗೆ, ನಕ್ಷತ್ರ ನೋಡುವವರಿಗೆ ಬೇಕಾದ ಏಳೇಳು ಅಂಕೆಗಳ ಸಂಖ್ಯೆಗಳು, ಪುಟಕ್ಕೆ ನೂರು ಸಾಲು, ಪುಸ್ತಕಕ್ಕೆ ಸಾವಿರ ಸಾವಿರ ಸಾಲು. ಮೊದಲ ಲಾಗರಿದಮ್ ಪುಸ್ತಕ ಮಾಡಿದ ಮಹಾನುಭಾವ ಅದಕ್ಕೆ ತನ್ನ ಇಪ್ಪತ್ತು ವರ್ಷ ಸುರಿದನಂತೆ. ಆಮೇಲೆ ಬಂದವರು ಅವನ ತಪ್ಪು ಹೆಕ್ಕಿದರು, ಅವರ ತಪ್ಪನ್ನು ಅವರ ನಂತರದವರು ಹೆಕ್ಕಿದರು. ಮುನ್ನೂರು ವರ್ಷದಿಂದ ಇದೇ ಕಥೆ. ಒಂದು ದೇಶದಲ್ಲಿ ದೊರೆತನ ಬಿದ್ದುಹೋಗಿ, ಶ್ರೀಮಂತರ ತಲೆಗೂದಲು ಸಿಂಗರಿಸುತ್ತಿದ್ದವರು ಕೆಲಸವಿಲ್ಲದೆ ಕೂತಾಗ, ಅವರನ್ನೇ ಸಾಲಾಗಿ ಕೂರಿಸಿ ಕೂಡಿಸಿ ಕಳೆಸಿ ಕೋಷ್ಟಕ ಮಾಡಿಸಿದ್ದೂ ಉಂಟು. ಗಣಿತದ ಚರಿತ್ರೆ ಬರೆಯುವವರು ದೊಡ್ಡ ತಲೆಗಳ ಹೆಸರನ್ನೆಲ್ಲ ಚೆನ್ನಾಗಿ ಬರೆಯುತ್ತಾರೆ. ಕೂಡಿ ಕಳೆದು ಕಣ್ಣು ಕಳೆದುಕೊಂಡವರ ಹೆಸರು ಬರೆಯಲು ಮಾತ್ರ ಯಾವನಿಗೂ ಪುರುಸೊತ್ತು ಸಿಕ್ಕಿಲ್ಲ.

ಈ ಕಚೇರಿಯಲ್ಲಿ ಪ್ರತಿ ಪುಟವನ್ನೂ ಎರಡು ಸಲ ಮಾಡುತ್ತಿದ್ದರು. ಪೂರ್ವದ ಕೋಣೆಯಲ್ಲಿ ಒಬ್ಬರು, ಪಶ್ಚಿಮದ ಕೋಣೆಯಲ್ಲಿ ಒಬ್ಬರು. ಎರಡು ಕೋಣೆಗೆ ಎರಡು ಮೆಟ್ಟಿಲು, ಊಟಕ್ಕೆ ಬೇರೆ ಬೇರೆ ಗಂಟೆ. ಒಂದು ಕೋಣೆಯವರ ಮುಖ ಇನ್ನೊಂದು ಕೋಣೆಯವರಿಗೆ ಗೊತ್ತಾಗಬಾರದು, ಅದು ಕಟ್ಟಳೆ. ನಡುವಿನ ಪುಟ್ಟ ಕೋಣೆಯಲ್ಲಿ ಕೂತು ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುವವಳು ನಮ್ಮ ತಾಳೆಯಕ್ಕ. ಎರಡೂ ಒಂದೇ ಇದ್ದರೆ ಮೊಹರು, ಬೇರೆಯಾದರೆ ಎರಡೂ ವಾಪಸು. ಇಬ್ಬರು ಅಪರಿಚಿತರು ಒಂದೇ ಸಂಖ್ಯೆ ತಂದರೆ ಅದು ಸರಿಯಾದ ಸಂಖ್ಯೆಯೇ ಆಗಿರಬೇಕು ಎಂಬ ನಂಬಿಕೆಯ ಮೇಲೆ ಇಡೀ ಕಟ್ಟಡ ನಿಂತಿತ್ತು.

ಸಾಹೇಬರ ಮೇಜಿನ ಮೇಲೆ ದಪ್ಪನೆಯ ಹೊಸ ಪುಸ್ತಕವೊಂದು ತೆರೆದಿತ್ತು. ಹೊರದೇಶದಿಂದ ಬಂದದ್ದು, ಲೆಕ್ಕದ ಯಂತ್ರದಲ್ಲಿ ಮಾಡಿದ್ದು. ಮೇಜಿನ ಆಚೆ ಇಬ್ಬರು ನಿಂತಿದ್ದರು. ಒಬ್ಬಳು ಪೂರ್ವದ ಕೋಣೆಯ ಸೂಜಿ. ಬಟ್ಟೆ ಹೊಲಿಯುತ್ತಿದ್ದವಳು ಲೆಕ್ಕಕ್ಕೆ ಬಂದದ್ದರಿಂದ ಆ ಹೆಸರು, ಎರಡು ಮಕ್ಕಳ ತಾಯಿ. ಇನ್ನೊಬ್ಬ ಪಶ್ಚಿಮದ ಕೋಣೆಯ ಗಡಿಯಾರದಣ್ಣ. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದ, ಐವತ್ತು ದಾಟಿದೆ, ಮಾತು ಕಡಿಮೆ.

"ನಮ್ಮ ಹೊಸ ಕೋಷ್ಟಕದಲ್ಲಿ ಐದು ಸಾಲು ತಪ್ಪು" ಎಂದರು ಸಾಹೇಬರು. "ಕೊನೆಯ ಅಂಕೆ ಮೂರು ಇರಬೇಕಾದ ಕಡೆ ನಾಲ್ಕು, ಏಳು ಇರಬೇಕಾದ ಕಡೆ ಎಂಟು. ಐದೂ ಈ ಇಬ್ಬರ ಪುಟಗಳಲ್ಲೇ."

"ಯಂತ್ರಾನೂ ತಪ್ಪು ಮಾಡುತ್ತೆ ಸರ್."

"ನಾನೇ ಕೂತು ಐದನ್ನೂ ಲೆಕ್ಕ ಹಾಕಿದೀನಿ. ಯಂತ್ರ ಸರಿ, ನಾವು ತಪ್ಪು. ಅಲ್ಲಾ ತಾಳೆಯಕ್ಕ, ಒಬ್ಬರು ಎಡವಬಹುದು, ಇಬ್ಬರೂ ಎಡವಬಹುದು. ಇಬ್ಬರೂ ಅದೇ ಸಾಲಲ್ಲಿ ಅದೇ ತಪ್ಪು, ಐದೈದು ಸಲ? ನನ್ನ ಕಿವಿ ಮೇಲೆ ಹೂ ಇಡೋಕೆ ಬರಬೇಡಿ. ಒಬ್ಬರ ಹಾಳೆ ನೋಡಿ ಇನ್ನೊಬ್ಬರು ಬರೆದಿದ್ದಾರೆ."

"ಇವರ ಮುಖಾನೇ ನಾನು ಇವತ್ತು ಮೊದಲ ಸಲ ನೋಡ್ತಿರೋದು ಸರ್" ಎಂದಳು ಸೂಜಿ. ಗಡಿಯಾರದಣ್ಣ ಹೌದೆಂದು ತಲೆಯಾಡಿಸಿದ. ಅವನ ಕಿವಿ ಕೆಂಪಗಾಗಿತ್ತು.

"ಶನಿವಾರ ಹನ್ನೊಂದು ಗಂಟೆ ತನಕ ಸಮಯ ಕೊಡ್ತೀನಿ. ಯಾರು ಯಾರಿಗೆ ಹಾಳೆ ಕೊಟ್ಟಿರಿ ಅಂತ ಒಪ್ಪಿಕೊಳ್ಳಿ. ಇಲ್ಲಾಂದ್ರೆ ಇಬ್ಬರಿಗೂ ಮನೆ. ಈ ಕಸುಬಿನ ಇತರ ಕಚೇರಿಗಳಿಗೂ ಕಾಗದ ಹೋಗುತ್ತೆ, ಯಾರೂ ನಿಮ್ಮನ್ನ ಒಳಗೆ ಸೇರಿಸಲ್ಲ."

ನಾಲ್ಕು ಗಂಟೆಗೆಲ್ಲ ಸುದ್ದಿಗೆ ಕೈಕಾಲು ಬಂದಿತ್ತು. ಹಾಳೆ ಬದಲಾಯಿಸಬೇಕಾದರೆ ಭೇಟಿಯಾಗಬೇಕು, ಭೇಟಿಯಾಗಬೇಕಾದರೆ ಏನೋ ಇರಬೇಕು! ಒಬ್ಬರನ್ನೊಬ್ಬರು ಕಣ್ಣೆತ್ತಿ ನೋಡಿರದ ಆ ಇಬ್ಬರಿಗೆ ಸಂಜೆಯೊಳಗೆ ಎರಡು ವರ್ಷದ ಪ್ರೇಮ ಕಟ್ಟಿಕೊಟ್ಟರು ಜನ. ಬಾಯಿಗೇನು, ಬಾಡಿಗೆ ಕೊಡಬೇಕೇ?

ತಾಳೆಯಕ್ಕ ಕೂತಲ್ಲಿ ಕೂರಲಾರದೆ ಹೋದಳು. ನಿಂತರೆ ಕೂರಬೇಕು ಎನ್ನಿಸುವುದು, ಕೂತರೆ ಏಳಬೇಕು ಎನ್ನಿಸುವುದು. ಕದಿಯುವ ಜನವಲ್ಲ ಅವರು. ಅದು ಅವಳಿಗೆ ಗೊತ್ತು, ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಬ್ಬರಿಗೂ ಲೆಕ್ಕ ತಿದ್ದಿಕೊಟ್ಟವಳು ಅವಳೇ. ಮತ್ತೆ ಈ ಐದು ಸಾಲು ಎಲ್ಲಿಂದ ಬಂದವು? ಮನೆಗೆ ಹೋಗುವಾಗ ಬಸ್ಸಿನಲ್ಲಿ ಇದೇ ಧ್ಯಾನ, ಇಳಿಯಬೇಕಾದ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿಬಿಟ್ಟಳು.

ಗುರುವಾರ ಬೆಳಿಗ್ಗೆ ಸೂಜಿ ಮೆಟ್ಟಿಲ ಕೆಳಗೆ ಕಾಯುತ್ತಿದ್ದಳು. ಕಣ್ಣು ಊದಿಕೊಂಡಿದ್ದವು.

"ನಮ್ಮ ಯಜಮಾನರು ಒಂದೇ ಮಾತು ಕೇಳ್ತಾರೆ ಅಕ್ಕ. ಅವನ ಹಾಳೆ ನಿನ್ನ ಕೈಗೆ ಹೇಗೆ ಬಂತು ಅಂತ. ಬಂದೇ ಇಲ್ಲ ಅಂದ್ರೆ, ಹಾಗಾದ್ರೆ ತಪ್ಪು ಹೇಗೆ ಒಂದೇ ಆಯ್ತು ಅಂತಾರೆ. ನಾನು ಏನಂತ ಹೇಳಲಿ? ನೀವೇ ಹೇಳಿ."

"ಏನೂ ಹೇಳಬೇಡ. ನಾನು ನೋಡ್ತೀನಿ" ಎಂದಳು ತಾಳೆಯಕ್ಕ. ಏನು ನೋಡುತ್ತಾಳೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಕಚ್ಚಾ ಹಾಳೆಗಳನ್ನು ತಿಂಗಳ ಕೊನೆಗೆ ಸುಟ್ಟುಬಿಡುವುದು ರೂಢಿ, ಆದ್ದರಿಂದ ಐದೂ ಸಾಲುಗಳನ್ನು ಅವಳು ಮೊದಲಿನಿಂದ ಮಾಡಬೇಕಾಯಿತು. ಪ್ರತಿ ಸಂಖ್ಯೆಯನ್ನೂ ಮೊದಲು ಹನ್ನೊಂದು ಅಂಕೆಯವರೆಗೆ ತೆಗೆಯುತ್ತಾರೆ. ಪುಸ್ತಕದಲ್ಲಿ ಅಚ್ಚಾಗುವುದು ಏಳೇ ಅಂಕೆ. ಉಳಿದ ನಾಲ್ಕಂಕೆ ಬಾಲ. ಬಾಲ ಐದು ಸಾವಿರಕ್ಕಿಂತ ಕಡಿಮೆಯಿದ್ದರೆ ಸುಮ್ಮನೆ ಕತ್ತರಿಸಬೇಕು, ಐದು ಸಾವಿರವೋ ಹೆಚ್ಚೋ ಆದರೆ ಏಳನೇ ಅಂಕೆಗೆ ಒಂದು ಸೇರಿಸಬೇಕು. ಕಚೇರಿಯ ಕೈಪಿಡಿ ಹೇಳುವುದು ಇಷ್ಟೇ ವಿದ್ಯೆ. ಮೊದಲ ಸಾಲಿನ ಬಾಲ 4997 ಬಂತು. ಎರಡನೆಯದು 4995. ಮೂರನೆಯದು 4999 ಬಂದಾಗ ಅವಳ ಪೆನ್ಸಿಲ್ ನಿಂತಿತು.

ಅಪ್ಪನ ಉಪಾಯ!

ಅವಳ ಅಪ್ಪನನ್ನು ಆ ಕಸುಬಿನವರೆಲ್ಲ ಕೋಷ್ಟಕದಜ್ಜ ಎನ್ನುತ್ತಾರೆ. ಈ ಕಚೇರಿಯನ್ನು ಕಟ್ಟಿ ನಿಲ್ಲಿಸಿದವರಲ್ಲಿ ಒಬ್ಬ. ಅವನೊಬ್ಬನೇ ಕೂತು ಮಾಡಿದ ಸೈನುಗಳ ಪುಸ್ತಕ ಇಪ್ಪತ್ತೆರಡು ವರ್ಷದಿಂದ ಎಲ್ಲ ಮೇಜಿನ ಮೇಲೂ ಇದೆ. ಅವನ ಉಪಾಯ ಹೀಗೆ: ನಾಲ್ಕಂಕೆಯ ಬಾಲ ದಣಿದ ಕಣ್ಣಿಗೆ ಮೋಸ ಮಾಡುತ್ತದೆ, ಆದ್ದರಿಂದ ಮೊದಲು ಕೊನೆಯ ಅಂಕೆಯನ್ನು ಕಳಚಿ, ಅದು ಐದೋ ಹೆಚ್ಚೋ ಆಗಿದ್ದರೆ ಹಿಂದಿನದಕ್ಕೆ ಒಂದು ಸೇರಿಸಿ, ಬಾಲವನ್ನು ಮೂರಂಕೆಗೆ ತಂದುಕೋ, ಆಮೇಲೆ ಆ ಮೂರನ್ನು ನೋಡಿ ತೀರ್ಮಾನಿಸು. ಕೆಲಸ ಬೇಗ ಸಾಗುತ್ತದೆ, ಕಣ್ಣಿಗೆ ತಂಪು. ಸೂಜಿಯೂ ಗಡಿಯಾರದಣ್ಣನೂ ಸೇರಿದ ಹೊಸದರಲ್ಲಿ ಬಹಳ ನಿಧಾನ, ಇಬ್ಬರನ್ನೂ ತೆಗೆದುಹಾಕುವ ಮಾತು ಬಂದಿತ್ತು. ಅಯ್ಯೋ ಪಾಪ ಎಂದು ತಾಳೆಯಕ್ಕ ಒಬ್ಬಳಿಗೆ ಆರು ವರ್ಷದ ಹಿಂದೆ, ಒಬ್ಬನಿಗೆ ನಾಲ್ಕು ವರ್ಷದ ಹಿಂದೆ, ಗುಟ್ಟಾಗಿ ಈ ಉಪಾಯ ಹೇಳಿಕೊಟ್ಟಿದ್ದಳು. ಯಾರಿಗೂ ಹೇಳಬೇಡಿ ಎಂದು ಆಣೆಯನ್ನೂ ಹಾಕಿಸಿಕೊಂಡಿದ್ದಳು. ಬೇರೆ ಯಾರಿಗೂ ಅವಳು ಕಲಿಸಿದವಳಲ್ಲ. ಈ ವರ್ಷ ಅವರಿಬ್ಬರನ್ನೇ ಜೋಡಿ ಹಾಕಿದ್ದು ಯಾರದೋ ಗ್ರಹಚಾರ.

ಈಗ ನೋಡಿ ಮಜಾ. 4997 ಎಂದರೆ ಅರ್ಧಕ್ಕೆ ಮೂರು ಕಡಿಮೆ, ಕತ್ತರಿಸಬೇಕು. ಆದರೆ ಮೊದಲು ಕೊನೆಯ ಏಳನ್ನು ಕಳಚಲು ಹೋದರೆ ಹಿಂದಿನದಕ್ಕೆ ಒಂದು ಸೇರಿ 500 ಆಗುತ್ತದೆ. ಐನೂರು ಎಂದರೆ ಸರಿಯಾಗಿ ಅರ್ಧ, ಮೇಲಕ್ಕೆ! ಒಂದೇ ಪಾತ್ರೆಗೆ ಇಬ್ಬರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಉಪ್ಪು ಹಾಕಿದ ಹಾಗೆ. ಎರಡು ಸಾವಿರ ಸಾಲಿಗೊಮ್ಮೆ ಇಂಥ ಬಾಲ ಬರಬಹುದು. ಬಂದಾಗಲೆಲ್ಲ ಆ ಉಪಾಯ ಕಲಿತವರು ಎಲ್ಲಿ ಕೂತಿದ್ದರೂ ಅದೇ ತಪ್ಪು ಮಾಡುತ್ತಾರೆ. ಕೋಣೆ ಎರಡಾದರೇನು, ಮೆಟ್ಟಿಲು ಎರಡಾದರೇನು, ಕೈ ಒಂದೇ.

ಉಳಿದೆರಡು ಸಾಲುಗಳನ್ನೂ ಮಾಡಿದಳು. 4998, 4996. ಸರಿಹೋಯಿತು!

ಓಡಿಹೋಗಿ ಸಾಹೇಬರಿಗೆ ಹೇಳಿಬಿಡಬೇಕಿತ್ತು. ಎರಡು ಸಲ ಬಾಗಿಲ ತನಕ ಹೋದಳು, ಎರಡು ಸಲ ನೀರು ಕುಡಿದು ವಾಪಸು ಬಂದಳು. ಉಪಾಯ ಯಾರದು ಎಂದು ಕೇಳುತ್ತಾರಲ್ಲ! ನನ್ನದೇ ಎಂದು ಸುಳ್ಳು ಹೇಳಲೇ? ಹೇಳಬಹುದು. ಆದರೆ ಸಾಹೇಬರು ನಂಬುತ್ತಾರೆಯೇ? ನಿಮಗೆ ಬೇಕಾದವರನ್ನು ಉಳಿಸೋಕೆ ರಾತ್ರೋರಾತ್ರಿ ಕಟ್ಟಿದ ಕಥೆ ಎನ್ನುವುದಿಲ್ಲವೇ? ಸಾಕ್ಷಿ ಬೇಕು. ಈ ಇಬ್ಬರ ಗಾಳಿಯೂ ಸೋಕದ, ಹಳೆಯ, ಅಚ್ಚಾದ ಸಾಕ್ಷಿ. ಅಂಥದ್ದು ಇದ್ದರೆ ಒಂದೇ ಕಡೆ ಇರಬೇಕು ಎಂದು ಹೊಳೆದಾಗ ಅವಳ ಕಣ್ಣು ಮೇಜಿನ ಮೇಲಿದ್ದ ಅಪ್ಪನ ಪುಸ್ತಕಕ್ಕೆ ಹೋಯಿತು.

ಶುಕ್ರವಾರ ಬೆಳಿಗ್ಗೆ ಬಾಗಿಲು ಹಾಕಿಕೊಂಡು, ಸಾಹೇಬರಿಂದ ಕೇಳಿ ತಂದ ಯಂತ್ರದ ಪುಸ್ತಕದ ಸೈನಿನ ಭಾಗವನ್ನು ಎಡಗಡೆ ತೆರೆದಿಟ್ಟಳು, ಅಪ್ಪನ ಪುಸ್ತಕವನ್ನು ಬಲಗಡೆ ಇಟ್ಟಳು. ಇಡೀ ಜನ್ಮದಲ್ಲಿ ಅಪ್ಪನ ಪುಸ್ತಕವನ್ನು ಅವಳು ಯಾವುದರ ಜೊತೆಗೂ ತಾಳೆ ನೋಡಿದವಳಲ್ಲ. ಸರಿಯಿದೆ ಎಂದು ಗೊತ್ತಿದ್ದರೆ ನೋಡುವುದೇಕೆ? ಒಂದು ಗಂಟೆಯ ಹೊತ್ತಿಗೆ ಮೂರನೇ ಒಂದು ಭಾಗ ಮುಗಿದಿತ್ತು. ಮೂರು ತಪ್ಪು ಸಿಕ್ಕಿದ್ದವು. ಮೂರರ ಬಾಲವೂ ಅರ್ಧಕ್ಕೆ ಕೂದಲೆಳೆಯಷ್ಟು ಕಡಿಮೆ. ಅರ್ಧ ದಿನ ರಜೆ ಬರೆದುಕೊಟ್ಟು ಮನೆಗೆ ಹೊರಟಳು. ಬಸ್ಸು ಬರುವ ತನಕ ನಿಲ್ಲಲಾರದೆ ನಡೆದೇ ಹೋದಳು.

ಅಪ್ಪ ಕಿಟಕಿಯ ಪಕ್ಕ ಭೂತಗನ್ನಡಿ ಹಿಡಿದು ಕೂತಿದ್ದ. ಎಪ್ಪತ್ತೆಂಟು ವರ್ಷ, ಪರರ ಕೋಷ್ಟಕಗಳಲ್ಲಿ ತಪ್ಪು ಹುಡುಕುವುದೇ ಅವನಿಗೆ ಊಟ ತಿಂಡಿ. ಸಿಕ್ಕಿದ ಕೂಡಲೇ ಬರೆದವರಿಗೆ, ಅವರು ಸತ್ತಿದ್ದರೆ ಅಚ್ಚು ಹಾಕಿದವರಿಗೆ, ಕಾಗದ ಹೋಗುತ್ತಿತ್ತು.

"ಬಾ ಬಾ, ಇವತ್ತು ಒಂದು ಬಿತ್ತು ಬಲೆಗೆ!" ಎಂದ. "ಇದೇನು, ಇಷ್ಟು ಬೇಗ?"

"ಅಪ್ಪ, ಒಂದು ಸಾಲು ಮಾಡಿಕೊಡ್ತೀರಾ?"

ಅವನ ಪುಸ್ತಕದ ತಪ್ಪಿನ ಸಾಲೊಂದರ ಆರಂಭದ ಅಂಕೆಗಳನ್ನು ಅವಳು ಬರೆದು ತಂದಿದ್ದಳು. ಅಪ್ಪ ಖುಷಿಯಿಂದ ಅಂಗಿಯ ತೋಳು ಮಡಿಸಿದ. ತಲೆ ಇನ್ನೂ ಚುರುಕು. ಏಳೆಂಟು ನಿಮಿಷದಲ್ಲಿ ಉತ್ತರ ತೆಗೆದ, ತನ್ನ ಪುಸ್ತಕ ಬಿಡಿಸಿದ, ಆ ಸಾಲಿನ ಮೇಲೆ ಬೆರಳು ಕುಟ್ಟಿದ.

"ನೋಡು! ತಾಳೆ ಆಯ್ತು! ಇಪ್ಪತ್ತೆರಡು ವರ್ಷ ಆದ್ಮೇಲೂ ಒಂದಂಕೆ ಆಚೀಚೆ ಇಲ್ಲ."

ಅದೇ ಕೈ, ಅದೇ ಉಪಾಯ, ತಾಳೆ ಆಗದೆ ಏನು! ಇನ್ನು ನೂರು ಸಲ ಮಾಡಿದರೂ ಅಪ್ಪನಿಗೆ ತಾಳೆ ಆಗುತ್ತಲೇ ಇರುತ್ತದೆ ಎಂದು ಅವಳಿಗೆ ಅಳು ಬಂದ ಹಾಗಾಯಿತು.

"ಬಾಲ ಎಷ್ಟು ಬಂತು ಅಪ್ಪ?"

"ಐನೂರು. ಸರಿಯಾಗಿ ಅರ್ಧ. ಅರ್ಧ ಆದ್ರೆ ಮೇಲಕ್ಕೆ."

"ಕೊನೆ ಅಂಕೆ ಕಳಚೋಕೆ ಮುಂಚೆ ಎಷ್ಟಿತ್ತು?"

ಅಪ್ಪ ಕಚ್ಚಾ ಹಾಳೆಯನ್ನು ಕಣ್ಣ ಹತ್ತಿರ ತಂದುಕೊಂಡ. "ನಾಲ್ಕು ಸಾವಿರದ ಒಂಬೈನೂರ ತೊಂಬತ್ತೇಳು."

"ಅದು ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?"

ಅಪ್ಪ ಭೂತಗನ್ನಡಿಯನ್ನು ಪಟ್ಟನೆ ಕೆಳಗಿಟ್ಟ. "ಏಳನೇ ಅಂಕೇಲಿ ಒಂದು! ಅದಕ್ಕೆ ಇಷ್ಟು ರಂಪ! ಯಾವ ಹಡಗು ಮುಳುಗುತ್ತೆ ಅದರಿಂದ?"

ಏಳನೇ ಅಂಕೆಗೋಸ್ಕರ ಲೋಕಕ್ಕೆಲ್ಲ ಕಾಗದ ಬರೆದ ಮನುಷ್ಯ ಆಡುವ ಮಾತೇ ಇದು! ಒಳಗಿನಿಂದ ಅತ್ತೆ, ಎಂದರೆ ಅಪ್ಪನ ತಂಗಿ, ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು.

"ಹಡಗು ಮುಳುಗಲ್ಲ ಅಪ್ಪ, ಇಬ್ಬರು ಮನುಷ್ಯರು ಮುಳುಗ್ತಾರೆ" ಎಂದು ತಾಳೆಯಕ್ಕ ಬುಧವಾರದಿಂದ ಆದದ್ದನ್ನೆಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ನಡೆದಾಡುತ್ತಿದ್ದಳು.

ಅಪ್ಪನಿಗೆ ಹಿಡಿದುಕೊಳ್ಳಲು ಏನೋ ಸಿಕ್ಕಿತು. "ಒಂದೇ ತಪ್ಪಾ, ಐದು ಸಲ? ಹಾಗಾದ್ರೆ ಕದ್ದಿದ್ದಾರೆ ಬಿಡು. ಉಪಾಯ ಗಿಪಾಯ ಎಲ್ಲ ನೆಪ. ನಾನು ಕಣ್ಣಾರೆ ಕಂಡಿದೀನಿ ಕಣೇ. ನಮ್ಮ ಗುರುಗಳ ಹತ್ರ ನನ್ನ ಜೊತೆ ಕಲಿತವನೊಬ್ಬನಿದ್ದ. ಸ್ವಂತ ಕೋಷ್ಟಕ ಅಂತ ಒಂದು ಅಚ್ಚು ಹಾಕಿಸಿದ. ನೋಡ್ತೀನಿ, ಗುರುಗಳ ಪುಸ್ತಕದಲ್ಲಿದ್ದ ನಾಲ್ಕು ತಪ್ಪು ಇವನದರಲ್ಲೂ ಇದೆ! ಅದೇ ಸಾಲು, ಅದೇ ಅಂಕೆ. ಬಿಡ್ತೀನಾ? ಎಲ್ಲ ಕಚೇರಿಗೂ ಬರೆದೆ. ಗುರುಗಳ ಅನ್ನ ತಿಂದು ಗುರುಗಳನ್ನೇ ಕದ್ದ ಅಂತ ಬರೆದೆ. ಕೆಲಸ ಹೋಯ್ತು, ಪುಸ್ತಕ ರದ್ದಿಗೆ ಹೋಯ್ತು. ಗುರುಗಳು ವಯಸ್ಸಾಗಿ ಎಡವಿದ್ದಿರಬಹುದು, ಅವರ ಹತ್ರಾನೇ ಕಲಿತ ಇವನಿಗೆ ಏನು ಬಂದಿತ್ತು..."

ಅಪ್ಪ ತನ್ನದೇ ಕಚ್ಚಾ ಹಾಳೆಯ ಕಡೆ ನೋಡಿದ.

"ಈ ಉಪಾಯ ನಿಮಗೆ ಯಾರು ಹೇಳಿಕೊಟ್ಟಿದ್ದು ಅಪ್ಪ?"

"ಗುರುಗಳು" ಎಂದು ಅಪ್ಪ ಬಾಯೊಳಗೇ ಅಂದುಕೊಂಡ. ಗಟ್ಟಿಯಾಗಿ ಉತ್ತರ ಕೊಟ್ಟವಳು ಅತ್ತೆ, ಅದೂ ಬೇರೆಯದೇ ಪ್ರಶ್ನೆಗೆ.

"ಅವನು ಮೂರು ಸಲ ಬಂದಿದ್ದ ಕಣೋ ಅಣ್ಣ, ಈ ಬಾಗಿಲಿಗೆ. ಕೈಯಲ್ಲಿ ಇಷ್ಟು ದಪ್ಪ ಹಾಳೆ ಸುತ್ತಿಕೊಂಡು. ಒಂದು ಸಲ ನೋಡಿದ್ರೆ ಸಾಕು ಅಮ್ಮ, ಬರೀ ಒಂದು ಸಲ ಅಂದ. ನೀನು ಒಳಗೆ ಕೂತಿದ್ದೆ. ಮನೇಲಿಲ್ಲ ಅನ್ನು ಅಂದೆ. ನಾನೂ ಹಾಗೇ ಅಂದೆ. ಮೂರು ಸಲಾನೂ ನನ್ನ ಬಾಯಲ್ಲೇ ಸುಳ್ಳು ಹೇಳಿಸಿದೆ."

"ಈಗ ಎಲ್ಲಿದಾರೆ ಅವರು?" ಎಂದಳು ತಾಳೆಯಕ್ಕ.

"ತೀರಿಹೋಗಿ ಎರಡು ವರ್ಷ ಆಯ್ತು. ಯಾರದೋ ಅಂಗಡೀಲಿ ಸಾಮಾನು ತೂಗಿಕೊಡ್ತಿದ್ದನಂತೆ ಕೊನೆ ತನಕ."

ಅಪ್ಪ ಎದ್ದ. ಬೀರುವಿನ ಕೆಳಗಿನ ಖಾನೆಯಿಂದ ಕಟ್ಟೊಂದನ್ನು ಎಳೆದ. ಮೂವತ್ತೊಂದು ವರ್ಷದ ಹಿಂದೆ ಬರೆದ ಕಾಗದದ ನಕಲು ಅದರಲ್ಲಿತ್ತು, ನಾಲ್ಕೂ ಸಾಲುಗಳ ಪಟ್ಟಿ ಸಮೇತ. ಮಗಳು ನಾನು ಮಾಡುತ್ತೇನೆ ಎಂದಳು. ಸುಮ್ಮನಿರು ಎಂದು ಕೈಯಲ್ಲೇ ಸನ್ನೆ ಮಾಡಿದ. ಒಂದೊಂದನ್ನೇ ಮೊದಲಿನಿಂದ, ಉದ್ದದ ದಾರಿಯಲ್ಲಿ, ಹನ್ನೊಂದು ಅಂಕೆಯ ತನಕ, ಕೊನೆಯದನ್ನು ಕಳಚದೆ ಮಾಡಿದ. ಅತ್ತೆ ದೀಪ ಹಾಕಿದಳು. ತಾಳೆಯಕ್ಕ ಒಂದು ಲೋಟ ತೊಳೆದಳು, ಅದನ್ನೇ ಮತ್ತೆ ತೊಳೆದಳು, ಬಂದು ಇಣುಕಿದಳು, ಮತ್ತೆ ಹೋದಳು. ನಾಲ್ಕನೆಯದು ಮುಗಿಯುವಾಗ ಅವಳು ಅಪ್ಪನ ಭುಜದ ಹಿಂದೆಯೇ ಇದ್ದಳು. 4998. 4995. 4999. 4996.

ಅವಳಿಗೆ ಅಪ್ಪನ ಮೇಲೆ ಸಿಟ್ಟು ಬಂದಿತ್ತು, ಅಷ್ಟೇ ಅಯ್ಯೋ ಅನ್ನಿಸಿತ್ತು. ಅಪ್ಪ ಊಟ ಮಾಡಲಿಲ್ಲ. ಮಲಗುವ ಮುನ್ನ ಕೇಳಿದ್ದು ಒಂದೇ.

"ನಾಳೆ ಹನ್ನೊಂದಕ್ಕೆ ಅಂದೆಯಲ್ಲ. ನಾವು ಎಷ್ಟು ಗಂಟೆ ಬಸ್ಸಿಗೆ ಹೋಗಬೇಕು?"

ಶನಿವಾರ ಕೋಷ್ಟಕದಜ್ಜ ಒಳಗೆ ಬಂದದ್ದು ನೋಡಿ ದೊಡ್ಡ ಸಾಹೇಬರು ಕುರ್ಚಿಯಿಂದ ದಡಬಡನೆ ಎದ್ದರು. ಸೂಜಿಯೂ ಗಡಿಯಾರದಣ್ಣನೂ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ತಾಳೆಯಕ್ಕ ಇಡೀ ದಾರಿ ಮನಸ್ಸಿನಲ್ಲೇ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ಕೊನೆಗೆ ಹೇಳಿದ್ದು ಎರಡು ವಾಕ್ಯ. "ಇವರಿಬ್ಬರೂ ಕದ್ದಿಲ್ಲ ಸರ್. ಕೈಪಿಡಿ ಬಿಟ್ಟು ಬೇರೆ ದಾರಿ ಹೇಳಿಕೊಟ್ಟವಳು ನಾನು."

"ಇದನ್ನ ನಾನು ನಂಬಬೇಕಾ?"

"ನಂಬಬೇಡಿ" ಎಂದ ಅಜ್ಜ. "ಲೆಕ್ಕ ಮಾಡಿಸಿ. ನನ್ನ ಪುಸ್ತಕದ ಒಂದು ಪುಟದಿಂದ ಆರಂಭದ ಅಂಕೆ ಮಾತ್ರ ಬರೆದು ಕೊಡಿ. ಆ ತಾಯಿ ಒಂದು ಕೋಣೇಲಿ ಕೂರಲಿ, ಅವರು ಒಂದು ಕೋಣೇಲಿ, ನಾನು ಇಲ್ಲಿ. ಬಾಗಿಲು ಹಾಕಿಸಿ, ಬೇಕಾದ್ರೆ ಕಾವಲು ಇಡಿ."

ಪುಟದ ಮಧ್ಯದ ಹತ್ತು ಸಾಲು. ಆ ಹತ್ತರಲ್ಲಿ ಒಂದು ತಾಳೆಯಕ್ಕ ಶುಕ್ರವಾರ ಹಿಡಿದದ್ದು. ಒಂದೂವರೆ ಗಂಟೆ ಹಿಡಿಯಿತು. ಆ ಒಂದೂವರೆ ಗಂಟೆ ಅವಳು ಮುಳ್ಳಿನ ಮೇಲೆ ನಿಂತ ಹಾಗೆ ನಿಂತಿದ್ದಳು. ಗಾಬರಿಯಲ್ಲಿ ಸೂಜಿ ಬೇರೇನಾದರೂ ತಪ್ಪು ಮಾಡಿದರೆ? ಇದೊಂದು ದಿನ ಕೈಪಿಡಿಯ ದಾರಿ ಹಿಡಿದುಬಿಟ್ಟರೆ? ತಪ್ಪು ಮಾಡಲಿ ದೇವರೇ, ಅದೇ ತಪ್ಪು ಮಾಡಲಿ ಎಂದು ತಾಳೆ ನೋಡುವವಳೊಬ್ಬಳು ಬೇಡಿಕೊಂಡದ್ದು ಆ ಕಚೇರಿಯಲ್ಲಿ ಅದೇ ಮೊದಲು.

ಮೂರು ಹಾಳೆ ಬಂದವು. ಸಾಹೇಬರು ತಾವೇ ಪಕ್ಕಪಕ್ಕ ಇಟ್ಟು, ಯಂತ್ರದ ಪುಸ್ತಕವನ್ನೂ ತೆರೆದು ನೋಡಿದರು. ಒಂಬತ್ತು ಸಾಲು ಎಲ್ಲ ಕಡೆಯೂ ಸರಿ. ಏಳನೇ ಸಾಲಿನ ಕೊನೆಯ ಅಂಕೆ ಯಂತ್ರದ ಪುಸ್ತಕದಲ್ಲಿ ಆರು. ಮೂರು ಹಾಳೆಗಳಲ್ಲೂ ಏಳು. ಸಾಹೇಬರು ಎರಡನೇ ಸಲ ನೋಡಿದರು, ಕನ್ನಡಕ ಒರೆಸಿಕೊಂಡು ಮೂರನೇ ಸಲ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ವಜಾ ಮಾಡುವ ಕಾಗದಗಳನ್ನು ತೆಗೆದುಕೊಂಡು ಎರಡನ್ನೂ ಸೇರಿಸಿ ಹರಿದುಹಾಕಿದರು.

"ಹೊಸ ಪುಸ್ತಕದ ಆ ಪುಟಗಳನ್ನ ಮತ್ತೆ ಮಾಡಬೇಕು" ಎಂದರು. "ತಾಳೆಯಕ್ಕ, ಎರಡು ಕೋಣೆಗೆ ಗುಟ್ಟಾಗಿ ಒಂದೇ ಬಾಗಿಲು ಇಟ್ಟವರು ನೀವು. ಇನ್ನು ನೀವು ತಾಳೆ ನೋಡೋ ಹಾಗಿಲ್ಲ. ಸೋಮವಾರದಿಂದ ಪೂರ್ವದ ಕೋಣೇಲಿ ಲೆಕ್ಕಕ್ಕೆ ಕೂತ್ಕೊಳ್ಳಿ."

"ಆಗಲಿ ಸರ್" ಎಂದಳು. ಇಪ್ಪತ್ತಾರು ವರ್ಷದ ಕೆಲಸ ಹೋದದ್ದಕ್ಕೆ ಅವಳಿಗೆ ಆ ಕ್ಷಣ ನೋವಾಗಲೇ ಇಲ್ಲ. ಮೂರು ದಿನದಿಂದ ಹಿಡಿದಿಟ್ಟ ಉಸಿರನ್ನು ಬಿಡುತ್ತಿದ್ದಳು.

"ನನ್ನ ಪುಸ್ತಕದ ತಪ್ಪುಗಳನ್ನೂ ಅಚ್ಚು ಹಾಕಿಸಿ" ಎಂದ ಅಜ್ಜ. "ನನ್ನ ಹೆಸರು ಮೇಲೇ ಇರಲಿ."

ಸಾಹೇಬರು ಏನೋ ಸಮಾಧಾನ ಹೇಳಲು ಹೋದರು. ಅಜ್ಜ ಕೇಳಿಸಿಕೊಳ್ಳಲಿಲ್ಲ. ಅವನು ಸೂಜಿಯ ಕಡೆ ತಿರುಗಿದ್ದ.

"ಈ ಮೂರು ದಿನ ಹೇಗಿದ್ದೆ ತಾಯಿ?"

ಸೂಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕದ್ದಿಲ್ಲ ಕದ್ದಿಲ್ಲ ಅಂತ ಹೇಳ್ತಾನೇ ಇದ್ದೆ ಅಜ್ಜ. ಯಾರೂ ನಂಬಲಿಲ್ಲ. ನಿನ್ನೆ ಸಂಜೆ ಹೊತ್ತಿಗೆ ನಂಗೇ ಅನುಮಾನ ಬಂತು. ಎಲ್ಲಾದ್ರೂ ಕದ್ದೆನೇನೋ, ನಂಗೇ ನೆನಪಿಲ್ಲವೇನೋ ಅಂತ."

"ಮೂರೇ ದಿನಕ್ಕೆ?"

"ಹೂಂ ಅಜ್ಜ."

ಕೋಷ್ಟಕದಜ್ಜ ಮಗಳ ಕಡೆ ನೋಡಿದ. ಜೀವನವಿಡೀ ಅಂಕೆ ಕಳೆದವನು, ಮೂವತ್ತೊಂದರಿಂದ ಎರಡು ಕಳೆಯುವ ಆ ಒಂದು ವ್ಯವಕಲನಕ್ಕೆ ಬಹಳ ಹೊತ್ತು ತೆಗೆದುಕೊಂಡ.

"ಬಾಗಿಲಿಗೆ ಬಂದ ಅವನಿಗೆ ಇಪ್ಪತ್ತೊಂಬತ್ತು ವರ್ಷ ಕಣೇ" ಎಂದ.